ಕ್ಲಾರಾ ಶೂಮನ್ ಅಮ್ಮನವರು: ಉಪಾಧ್ಯಾಯಿನಿಯರ ಉಪಾಧ್ಯಾಯಿನಿ

ನಮ್ಮ ಶಾಲೆಯ ಸಭಾಮಂದಿರದಲ್ಲಿ ವೇದಿಕೆಯ ಎಡಗಡೆಗೆ ಇರುವ ಪಿಯಾನೋವನ್ನು ಹಳೆಯ ವಿದ್ಯಾರ್ಥಿನಿಯರಾರೂ ಮರೆತಿರಲಾರರು. ಮಳೆಗಾಲದಲ್ಲಿ ಅದರ ಕೆಲವು ಕೀಗಳು ತೇವದಿಂದ ಉಬ್ಬಿ, ಒತ್ತಿದವು ಒತ್ತಿದಂತೆಯೇ ನಿಲ್ಲುವುದೂ, ನುಡಿಸುವವಳು ಒಂದು ಕೈಯಿಂದ ಅವನ್ನು ಎತ್ತುತ್ತ ಇನ್ನೊಂದು ಕೈಯಿಂದ ಗೀತವನ್ನು ಸಾಗಿಸುವುದೂ ಅವರ ನೆನಪಿನಲ್ಲಿ ಇದ್ದೇ ಇರುವುದು. ಆ ವಾದ್ಯದ ಮುಂದೆ ಕುಳಿತು ಕಲಿತವರಲ್ಲಿ ಬಹುಮಂದಿ ರಾಬರ್ಟ್ ಶೂಮನ್ನನು ಬರೆದ ಸುಖಿಯಾದ ರೈತನ ಪಾಠವನ್ನು ಒಂದಲ್ಲ ಒಂದು ವರ್ಷ ನುಡಿಸಿರುವರು. ಎಡಗೈಗೆ ಹಾಡು, ಬಲಗೈಗೆ ಜೊತೆಯ ಸ್ವರಗಳು ಇರುವುದರಿಂದ ಚಿಕ್ಕ ಮಕ್ಕಳು ಮೊದಲು ತಡವರಿಸಿ, ತರುವಾಯ ಬಹಳ ಮೆಚ್ಚುವ ಪಾಠವದು. ಅದು ಅಡಗಿರುವ ಪುಸ್ತಕವು 1848ರಲ್ಲಿ ಆ ಸಂಗೀತಗಾರನ ಹಿರಿಯ ಮಗಳು ಮಾರೀಯ ಏಳನೆಯ ಹುಟ್ಟುಹಬ್ಬದ ಉಡುಗೊರೆಯಾಗಿ ಆರಂಭವಾಯಿತು. ಆ ಮಾರೀ ದೊಡ್ಡವಳಾಗಿ ಏನು ಮಾಡಿದಳು, ಅವಳ ತಾಯಿಯು ಎಂಥವರು ಎಂಬುದನ್ನು ಈ ಸಂಚಿಕೆಯಲ್ಲಿ ಹೇಳಬೇಕೆಂದು ನಮಗೆ ಮನಸ್ಸಾಯಿತು.

ಅದಕ್ಕೆ ಕಾರಣವುಂಟು. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಒಬ್ಬಿಬ್ಬರು ತಂದೆತಾಯಂದಿರು ನಮ್ಮ ಕೊಠಡಿಗೆ ಬಂದು, ಪಿಯಾನೋ ಕಲಿಯುವುದರಿಂದ ಹುಡುಗಿಗೆ ಮುಂದೆ ಏನು ಪ್ರಯೋಜನವೆಂದು ವಿಚಾರಿಸುವರು. ಅದನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಶುಲ್ಕ ತೆರುವವರು ಕೇಳತಕ್ಕ ಪ್ರಶ್ನೆಯೇ ಅದು. ಆದರೆ ಅದಕ್ಕಿಂತ ಹೆಚ್ಚಾಗಿ ನಮ್ಮ ಮನಸ್ಸನ್ನು ಕಲಕಿದ್ದು ಹಳೆಯ ವಿದ್ಯಾರ್ಥಿನಿಯೊಬ್ಬಳ ಕಾಗದ. ಆಕೆ ಈಗ ಬೇರೊಂದು ಊರಿನಲ್ಲಿ ಮಕ್ಕಳಿಗೆ ಪಿಯಾನೋ ಹೇಳಿಕೊಡುತ್ತಾಳೆ. ವಾದಕಿಯಾಗಬೇಕೆಂದಿದ್ದವಳು ಬರಿಯ ಪಾಠ ಹೇಳುವವಳಾಗಿ ಉಳಿದೆನೆಂದು ಅವಳು ಬರೆದಿದ್ದಳು. ಬರಿಯ ಎಂಬ ಆ ಒಂದು ಮಾತು ಮುಳ್ಳಿನಂತೆ ನಮ್ಮಲ್ಲಿ ನೆಟ್ಟುಕೊಂಡಿತು. ಇಪ್ಪತ್ತು ವರ್ಷಗಳಿಂದ ಪಾಠ ಹೇಳುತ್ತಲೇ ಬಂದಿರುವ ನಾವು ಅವಳಿಗೆ ತಕ್ಕ ಉತ್ತರವನ್ನು ಆಗ ಬರೆಯಲಾರದೆ ಹೋದೆವು. ಇದು ತಡವಾಗಿ ಬಂದ ಆ ಉತ್ತರವೆಂದು ಅವಳು ತಿಳಿಯಬಹುದು.

ಕ್ಲಾರಾ ಜರ್ಮನಿಯ ಲೈಪ್‌ಜಿಗ್ ಪಟ್ಟಣದಲ್ಲಿ 1819ನೆಯ ಇಸವಿ ಸೆಪ್ಟೆಂಬರ್ 13ನೆಯ ತಾರೀಖು ಜನಿಸಿದಳು. ತಂದೆ ಫ್ರೀಡ್ರಿಖ್ ವೀಕನು ಪಿಯಾನೋ ಕಲಿಸುತ್ತ, ಪಿಯಾನೋಗಳನ್ನು ಮಾರುತ್ತ, ಸಂಗೀತದ ಪುಸ್ತಕಗಳನ್ನು ಬಾಡಿಗೆಗೆ ಕೊಡುತ್ತ ಜೀವನ ನಡೆಸುತ್ತಿದ್ದನು. ತಾಯಿ ಮರಿಯಾನೆ ಹಾಡುಗಾರಿಕೆಯಲ್ಲಿಯೂ ಪಿಯಾನೋವಿನಲ್ಲಿಯೂ ಪರಿಶ್ರಮವುಳ್ಳವಳು. ದಂಪತಿಗಳಲ್ಲಿ ಹೊಂದಿಕೆಯಾಗದೆ 1824ರಲ್ಲಿ ತಾಯಿಯು ಆ ಮನೆಯನ್ನು ಬಿಟ್ಟಳು. ಅಂದಿನ ಸ್ಯಾಕ್ಸನಿ ರಾಜ್ಯದ ಕಾನೂನಿನಂತೆ ಮಕ್ಕಳ ಮೇಲಿನ ಹಕ್ಕು ತಂದೆಯದಾದುದರಿಂದ, ಐದು ವರ್ಷ ತುಂಬಿದ ಕೂಡಲೇ ಮಗುವನ್ನು ಅವನ ವಶಕ್ಕೆ ಒಪ್ಪಿಸಬೇಕಾಯಿತು. ಆ ಮಗುವಾದರೋ ನಾಲ್ಕು ವರ್ಷ ದಾಟುವವರೆಗೂ ಬಾಯಿಬಿಟ್ಟು ಮಾತನಾಡಿರಲಿಲ್ಲ. ಕಿವಿ ಮಂದವಿರಬೇಕೆಂದು ಮನೆಯವರು ತಿಳಿದಿದ್ದರು. ಪಿಯಾನೋವಿನ ಮುಂದೆ ಕುಳ್ಳಿರಿಸಿದಾಗ ಕಿವಿಯಲ್ಲಿ ಯಾವ ದೋಷವೂ ಇಲ್ಲವೆಂಬುದು ತಿಳಿದುಬಂದಿತು.

ವೀಕನು ತನ್ನ ಮಗಳಿಗೆ ಕಲಿಸಿದ ಬಗೆಯನ್ನು ನಾವು ಸ್ವಲ್ಪ ವಿಸ್ತಾರವಾಗಿ ಹೇಳುವುದನ್ನು ಓದುಗರು ಕ್ಷಮಿಸಬೇಕು. ಪಾಠ ಹೇಳುವವರಿಗೆ ಇಂಥದರಲ್ಲಿ ಆಸಕ್ತಿ ಹೆಚ್ಚು. ಅವನು ಯೌವನದಲ್ಲಿ ಧರ್ಮಶಾಸ್ತ್ರವನ್ನು ಓದಿ, ಶ್ರೀಮಂತರ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳಿದವನು. ನಾವು ತರಬೇತಿಯ ಕಾಲದಲ್ಲಿ ಯಾರ ಹೆಸರನ್ನು ಬಾಯಿಪಾಠ ಮಾಡಿದೆವೋ ಆ ಪೆಸ್ಟಲೋಜಿಯ ವಿಚಾರಗಳು ಅವನಿಗೆ ತಿಳಿದಿದ್ದವು. ಆದುದರಿಂದ ಮೊದಲ ಒಂದು ವರ್ಷಕ್ಕೂ ಮಿಕ್ಕಿ ಮಗುವಿನ ಮುಂದೆ ಸ್ವರಲಿಪಿಯ ಪುಸ್ತಕವನ್ನೇ ಇಡಲಿಲ್ಲ. ಐದು ಬೆರಳುಗಳೊಳಗೆ ಅಡಗುವ ಪುಟ್ಟ ಪುಟ್ಟ ಪಾಠಗಳನ್ನು ತಾನೇ ಕಟ್ಟಿ, ಕೇಳಿಸಿ, ಅವಳಿಂದ ನುಡಿಸಿದನು. ಒಂದು ಶ್ರುತಿಯಲ್ಲಿ ಬಂದುದನ್ನು ಇನ್ನೊಂದು ಶ್ರುತಿಗೆ ಏರಿಸಿ ಇಳಿಸಿ ನುಡಿಸುವುದು ನಿತ್ಯದ ಆಟವಾಯಿತು. ನಮ್ಮ ನಾಡಿನ ಸಂಗೀತದ ಮನೆಗಳಲ್ಲಿ ಮಕ್ಕಳು ಸರಳೆ ಜಂಟೆಗಳನ್ನು ಪುಸ್ತಕವಿಲ್ಲದೆ ಗುರುವಿನ ಬಾಯಿಂದ ಕಲಿಯುವುದನ್ನು ಕಂಡವರಿಗೆ ಇದು ಹೊಸದಾಗಿ ತೋರದು. ಕಿವಿ ಮೊದಲು, ಬೆರಳು ಅನಂತರ, ಕಣ್ಣು ಕಡೆಗೆ ಎಂಬ ಕ್ರಮವದು. ಇಂದಿನ ಪರೀಕ್ಷೆಗಳ ಅವಸರದಲ್ಲಿ ನಾವು ಕಣ್ಣನ್ನು ಮೊದಲಿಗೆ ತಂದಿದ್ದೇವೆ. ಈ ತಪ್ಪಿನಲ್ಲಿ ನಮ್ಮ ಶಾಲೆಯೂ ಪಾಲುಗೊಂಡಿದೆ.

ದಿನಕ್ಕೆ ಒಂದು ಗಂಟೆ ಪಾಠ, ಎರಡು ಗಂಟೆ ಸಾಧನೆ, ಅದಕ್ಕಿಂತ ಹೆಚ್ಚಿಲ್ಲ. ಮಳೆಯಿರಲಿ ಚಳಿಯಿರಲಿ ಬಯಲಿನಲ್ಲಿ ದೂರ ನಡೆದಾಡಬೇಕು. ಸಂಜೆ ನಾಟಕಕ್ಕೋ ಕಛೇರಿಗೋ ಕರೆದುಕೊಂಡು ಹೋಗುವನು. ಹಾಡುಗಾರಿಕೆ, ಪಿಟೀಲು, ಸಂಗೀತಶಾಸ್ತ್ರ ಇವೆಲ್ಲಕ್ಕೂ ಬೇರೆ ಬೇರೆ ಗುರುಗಳು. ಇದೆಲ್ಲ ಮೆಚ್ಚತಕ್ಕದ್ದೇ. ಆದರೆ ಶಾಲೆಗೆ ಹೋದದ್ದು ಒಟ್ಟಿನಲ್ಲಿ ಒಂದೂವರೆ ವರ್ಷವನ್ನು ಮೀರಲಿಲ್ಲ. ಮಗಳ ಹೆಸರಿನಲ್ಲಿ ದಿನಚರಿಯನ್ನು ತೆರೆದು, ಅವಳೇ ಬರೆದಂತೆ ನಾನು ನಾನು ಎಂದು ತಾನೇ ಅದರಲ್ಲಿ ಬರೆಯುತ್ತಿದ್ದನು. ಅವಳು ಬರೆಯುವಷ್ಟು ದೊಡ್ಡವಳಾದ ಮೇಲೆಯೂ ಆ ಪುಸ್ತಕವು ಅವನ ಕಣ್ಣಿಗೆ ಮರೆಯಾಗಿರಲಿಲ್ಲ. ಅವಳ ತಮ್ಮ ಆಲ್ವಿನನು ಪಿಟೀಲನ್ನು ಸರಿಯಾಗಿ ನುಡಿಸದ ತಪ್ಪಿಗೆ ಒಂದು ದಿನ ತಂದೆಯು ಅವನನ್ನು ನೆಲಕ್ಕೆ ಕೆಡವಿ ಕೂದಲು ಹಿಡಿದು ಎಳೆದಾಡಿದನಂತೆ. ಆ ಹೊತ್ತಿನಲ್ಲಿ ಕ್ಲಾರಾ ಮುಗುಳುನಗುತ್ತ ಪಿಯಾನೋವಿನ ಮುಂದೆ ಕುಳಿತು ನುಡಿಸತೊಡಗಿದಳೆಂದು, ಅದನ್ನು ಕಣ್ಣಾರೆ ಕಂಡ ರಾಬರ್ಟ್ ಶೂಮನ್ನನು 1831ರಲ್ಲಿ ತನ್ನ ದಿನಚರಿಯಲ್ಲಿ ಬರೆದಿಟ್ಟನು. ಆ ಮುಗುಳುನಗೆಯನ್ನು ಕುರಿತು ನಾವು ಅನೇಕ ಸಲ ಯೋಚಿಸಿದ್ದೇವೆ. ಹನ್ನೊಂದು ವರ್ಷದ ಹುಡುಗಿಯು ಹೆದರಿಕೆಯನ್ನು ಅಡಗಿಸಲು ಎಷ್ಟು ಚೆನ್ನಾಗಿ ಕಲಿತಿದ್ದಳೆಂಬುದನ್ನು ಅದು ತೋರಿಸುತ್ತದೆ. ಅಂಥ ಮುಖಗಳನ್ನು ತರಗತಿಗಳಲ್ಲಿ ನಾವೂ ಕಂಡಿದ್ದೇವೆ. ಒಳ್ಳೆಯ ಹುಡುಗಿಯೆಂದು ಹೊಗಳಿ ಮುಂದೆ ಹೋಗಿದ್ದೇವೆ.

ಅವಳ ಕೀರ್ತಿಯ ಕಥೆಯನ್ನು ಬೇಗನೆ ಹೇಳಿ ಮುಗಿಸಬಹುದು. 1828ರಲ್ಲಿ, ಒಂಬತ್ತು ವರ್ಷದವಳಾಗಿ, ಲೈಪ್‌ಜಿಗಿನ ಪ್ರಸಿದ್ಧವಾದ ಗೆವಾಂಡ್‌ಹೌಸ್ ಸಭೆಯಲ್ಲಿ ಇನ್ನೊಬ್ಬಳೊಡನೆ ನುಡಿಸಿದಳು. 1830ರಲ್ಲಿ ಅಲ್ಲಿಯೇ ತನ್ನ ಸ್ವಂತ ಕಛೇರಿಯನ್ನು ಮಾಡಿದಳು. ವೈಮಾರಿನಲ್ಲಿ ಮುದಿಯ ಕವಿ ಗಯಟೆಯ ಮುಂದೆ ನುಡಿಸಿ ಅವನಿಂದ ಪದಕವನ್ನು ಪಡೆದಳು. ಪ್ಯಾರಿಸಿಗೆ ಹೋದಳು. ತಾನೇ ರಚಿಸಿದ ಪಿಯಾನೋ ಕಂಚೆರ್ಟೋವನ್ನು 1835ರಲ್ಲಿ ಮೆಂಡೆಲ್ಸೋನನ ನಿರ್ದೇಶನದಲ್ಲಿ ನುಡಿಸಿದಳು. 1838ರಲ್ಲಿ ವಿಯೆನ್ನಾದ ಚಕ್ರವರ್ತಿಯ ಆಸ್ಥಾನದಿಂದ ಆಸ್ಥಾನ ವಾದಕಿಯೆಂಬ ಬಿರುದನ್ನು ಪಡೆದಾಗ ಅವಳಿಗೆ ಹದಿನೆಂಟು ವರ್ಷ. ಈ ಕಛೇರಿಗಳ ಹಣವೆಲ್ಲವೂ ತಂದೆಯ ಪೆಟ್ಟಿಗೆಯನ್ನು ಸೇರುತ್ತಿತ್ತು.

ತಂದೆಯ ಬಳಿ ಕಲಿಯಲು ಬಂದು ಅವರ ಮನೆಯಲ್ಲಿಯೇ ಇದ್ದ ರಾಬರ್ಟ್ ಶೂಮನ್ನನಿಗೆ ಬೆರಳಿಗೆ ತೊಂದರೆಯಾಗಿ ವಾದಕನಾಗುವ ಆಸೆಯು ಮುರಿದಿತ್ತು. ಅವನೂ ಕ್ಲಾರಾಳೂ 1837ರಲ್ಲಿ ಮದುವೆಗೆ ಮಾತು ಕೊಟ್ಟುಕೊಂಡರು. ವೀಕನು ಒಪ್ಪಲಿಲ್ಲ. ಮಗಳ ಸಂಪಾದನೆಯನ್ನು ಕೊಡೆನೆಂದನು, ಅವಳ ಪಿಯಾನೋವನ್ನೂ ತಡೆಹಿಡಿದನು, ಅಳಿಯನಾಗಬೇಕಾದವನನ್ನು ಕುಡುಕನೆಂದು ನ್ಯಾಯಾಲಯದಲ್ಲಿ ದೂರಿದನು. ಕೊನೆಗೆ ನ್ಯಾಯಾಲಯವೇ ಅನುಮತಿ ಕೊಟ್ಟು, 1840ನೆಯ ಇಸವಿ ಸೆಪ್ಟೆಂಬರ್ 12ನೆಯ ತಾರೀಖು, ಅವಳಿಗೆ ಇಪ್ಪತ್ತೊಂದು ತುಂಬುವ ಹಿಂದಿನ ದಿನ, ಮದುವೆಯಾಯಿತು. ಈ ವ್ಯಾಜ್ಯದ ದಿನಗಳಲ್ಲಿ ಕ್ಲಾರಾ ಆಶ್ರಯ ಪಡೆದದ್ದು ಬರ್ಲಿನಿನಲ್ಲಿದ್ದ ತನ್ನ ತಾಯಿಯ ಬಳಿಯಲ್ಲಿ. ಆ ತಾಯಿಯು ಎರಡನೆಯ ಗಂಡನು ಕಾಯಿಲೆ ಬಿದ್ದ ಮೇಲೆ ಪಿಯಾನೋ ಪಾಠ ಹೇಳಿಯೇ ಸಂಸಾರವನ್ನು ಸಾಕುತ್ತಿದ್ದಳು. ಚರಿತ್ರೆಕಾರರು ವೀಕನ ಬೋಧನೆಯನ್ನು ಕುರಿತು ಪುಟಗಟ್ಟಲೆ ಬರೆಯುತ್ತಾರೆ. ಮನೆ ಮನೆ ತಿರುಗಿ ಪಾಠ ಹೇಳಿದ ಈ ಮರಿಯಾನೆಗೆ ಒಂದೆರಡು ಸಾಲು ಸಾಕೆಂದು ಎಣಿಸುತ್ತಾರೆ.

ಮದುವೆಯಾದ ಮೇಲೆ ಎಂಟು ಮಕ್ಕಳು ಹುಟ್ಟಿದರು. ಒಂದು ಗಂಡುಮಗು ಎಳೆಯದರಲ್ಲಿಯೇ ತೀರಿಕೊಂಡಿತು. ಮನೆಯ ಗೋಡೆಗಳು ತೆಳ್ಳಗಿದ್ದುದರಿಂದ, ಗಂಡನು ಸಂಗೀತ ರಚನೆಗೆ ಕುಳಿತಾಗ ಹೆಂಡತಿಯು ಸಾಧನೆ ಮಾಡುವಂತಿರಲಿಲ್ಲ. ಹೀಗಿದ್ದಾಗ್ಯೂ ಆಕೆ ಕಛೇರಿಗಳನ್ನು ಬಿಡಲಿಲ್ಲ. 1844ರಲ್ಲಿ ಗಂಡನೊಡನೆ ರಷ್ಯಾ ದೇಶದ ಹಿಮದಲ್ಲಿ ಪ್ರಯಾಣ ಮಾಡಿದಳು, ಮನೆಗೆ ಬಂದ ಶಿಷ್ಯರಿಗೆ ಪಾಠ ಹೇಳಿದಳು. 1849ರ ಮೇ ತಿಂಗಳಲ್ಲಿ ಡ್ರೆಸ್ಡೆನ್ ಪಟ್ಟಣದಲ್ಲಿ ದಂಗೆಯೆದ್ದಾಗ ಗಂಡನನ್ನು ಊರಾಚೆ ಸೇರಿಸಿ, ಮನೆಯಲ್ಲುಳಿದ ಚಿಕ್ಕ ಮಕ್ಕಳನ್ನು ಕರೆತರಲು, ಏಳು ತಿಂಗಳ ಗರ್ಭಿಣಿಯಾಗಿದ್ದ ಆಕೆ ರಾತ್ರಿಯ ಕಡೆಯ ಜಾವದಲ್ಲಿ ಹೊಲಗಳನ್ನು ದಾಟಿ ನಡೆದು ಗುಂಡು ಹಾರುತ್ತಿದ್ದ ಊರೊಳಗೆ ಹೋಗಿ ಬಂದಳು.

ರಾಬರ್ಟನ ಮನಸ್ಸಿನ ಕಾಯಿಲೆಯು ಹೆಚ್ಚಿ, 1854ರ ಫೆಬ್ರವರಿಯಲ್ಲಿ ಅವನು ಡ್ಯುಸೆಲ್‌ಡಾರ್ಫಿನಲ್ಲಿ ರೈನ್ ನದಿಗೆ ಹಾರಿದನು. ಬೆಸ್ತರು ಎತ್ತಿ ಉಳಿಸಿದರು. ಬಾನ್ ಪಟ್ಟಣದ ಬಳಿಯ ಎಂಡೆನಿಖ್ ಎಂಬಲ್ಲಿನ ಚಿಕಿತ್ಸಾಲಯಕ್ಕೆ ಅವನನ್ನು ಸೇರಿಸಿದರು. ವೈದ್ಯರು ಹೆಂಡತಿಯು ಬಂದು ನೋಡುವುದನ್ನು ತಡೆದರು. ಎರಡು ವರ್ಷಗಳಿಗೂ ಮಿಕ್ಕಿದ ಕಾಲ ಕಳೆದು, 1856ರ ಜುಲೈ 27ರಂದು ಆಕೆ ಗಂಡನನ್ನು ಕಂಡಳು. 29ರಂದು ಅವನು ತೀರಿಕೊಂಡನು. ಕಡೆಯ ಮಗು ಫೆಲಿಕ್ಸನನ್ನು ತಂದೆಯು ನೋಡಲೇ ಇಲ್ಲ.

ಮೂವತ್ತಾರು ವರ್ಷದ ವಿಧವೆ, ಏಳು ಮಕ್ಕಳು. ಸ್ನೇಹಿತರು ಸಹಾಯಾರ್ಥವಾಗಿ ಕಛೇರಿಯನ್ನು ನಡೆಸಿ ಹಣ ಕೂಡಿಸುವೆವೆಂದಾಗ ಕ್ಲಾರಾ ಒಪ್ಪಲಿಲ್ಲ. ತನ್ನ ಹತ್ತು ಬೆರಳುಗಳಿಂದಲೇ ಸಂಸಾರವನ್ನು ಸಾಕುವೆನೆಂದು ಹೊರಟು, ಜರ್ಮನಿ, ಆಸ್ಟ್ರಿಯಾ, ಇಂಗ್ಲೆಂಡು ಮೊದಲಾದ ದೇಶಗಳಲ್ಲಿ ಚಳಿಗಾಲದಿಂದ ಚಳಿಗಾಲಕ್ಕೆ ಸಂಚರಿಸಿದಳು. ಗಂಡನ ಸಂಗೀತವನ್ನು ಲೋಕವು ಮೆಚ್ಚುವಂತೆ ಮಾಡಿದವಳು ಆಕೆಯೇ. ಅದರ ಬೆಲೆಯನ್ನೂ ಹೇಳಬೇಕು. ಮಕ್ಕಳು ಬಂಧುಗಳ ಮನೆಗಳಲ್ಲಿ, ಪರಿಚಿತರ ಮನೆಗಳಲ್ಲಿ, ವಸತಿಶಾಲೆಗಳಲ್ಲಿ ಚದರಿ ಬೆಳೆದರು. ತಾಯಿಯನ್ನು ಕಾಗದಗಳಲ್ಲಿಯೇ ಹೆಚ್ಚಾಗಿ ಕಂಡರು. ಕಿರಿಯ ಮಗಳು ಯುಜೇನಿ ಮುಂದೆ ತನ್ನ ನೆನಪುಗಳನ್ನು ಪುಸ್ತಕವಾಗಿ ಬರೆದಾಗ ತಾಯಿಯ ಮೇಲಿನ ಪ್ರೀತಿಯನ್ನೂ ಶಾಲೆಯಲ್ಲಿ ತಾನು ಪಟ್ಟ ದುಃಖವನ್ನೂ ಎರಡನ್ನೂ ಮರೆಮಾಡದೆ ಬರೆದಳು. ವಿದ್ಯಾರ್ಥಿನಿಲಯವನ್ನು ನಡೆಸುವ ನಾವು ಆ ಭಾಗವನ್ನು ಓದಿದಾಗ ಪುಸ್ತಕವನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು.

ಇನ್ನು ಮುಂದೆ ಆಕೆಯನ್ನು ಶೂಮನ್ ಅಮ್ಮನವರೆಂದು ಕರೆಯುವೆವು. ಏಕೆಂದರೆ ನಮ್ಮ ಕಥೆಯ ಅಮ್ಮನವರು ಈಗಲೇ ತರಗತಿಗೆ ಬರುವುದು. 1870ರ ದಶಕದಲ್ಲಿ ಅವರ ತೋಳುಗಳಲ್ಲಿ ನೋವು ಕಾಣಿಸಿಕೊಂಡು, ತಿಂಗಳುಗಟ್ಟಲೆ ಕಛೇರಿಗಳನ್ನು ನಿಲ್ಲಿಸಬೇಕಾಯಿತು. ಬೆರಳುಗಳನ್ನೇ ನಂಬಿದ್ದ ಸಂಸಾರಕ್ಕೆ ಇದು ಸಾಮಾನ್ಯವಾದ ಭಯವಲ್ಲ. ಆಗ ಫ್ರಾಂಕ್‌ಫರ್ಟ್ ಪಟ್ಟಣದಲ್ಲಿ ಜೋಸೆಫ್ ಹೋಖ್ ಎಂಬ ಗೃಹಸ್ಥನು ಬಿಟ್ಟುಹೋದ ಆಸ್ತಿಯಿಂದ ಒಂದು ಸಂಗೀತ ವಿದ್ಯಾಲಯವು ಸ್ಥಾಪಿತವಾಯಿತು. 1878ರಲ್ಲಿ ಅದು ತೆರೆದಾಗ ಅದರ ಮೊದಲನೆಯ ನಿರ್ದೇಶಕ ಜೋಕಿಮ್ ರಾಫನು ಅಮ್ಮನವರನ್ನು ಪಿಯಾನೋವಿನ ಪ್ರಧಾನ ಉಪಾಧ್ಯಾಯಿನಿಯಾಗಿ ಕರೆದನು. ಹೆಂಗಸರನ್ನು ಉಪಾಧ್ಯಾಯರಾಗಿ ನೇಮಿಸುವುದು ಅವನಿಗೆ ಇಷ್ಟವಿರಲಿಲ್ಲ. ಶೂಮನ್ ಅಮ್ಮನವರೊಬ್ಬರ ಹೊರತು ಬೇರೆ ಹೆಂಗಸರನ್ನು ತೆಗೆದುಕೊಳ್ಳುವುದಿಲ್ಲವೆಂದೂ, ಅವರನ್ನಾದರೆ ಗಂಡಸರ ಲೆಕ್ಕಕ್ಕೇ ಸೇರಿಸಬಹುದೆಂದೂ ಅವನು ಒಂದು ಕಾಗದದಲ್ಲಿ ಬರೆದನು. ಅವನು ಹೊಗಳಿಕೆಯೆಂದೇ ತಿಳಿದು ಬರೆದಿರಬೇಕು.

ಅಮ್ಮನವರು ತಮ್ಮ ಷರತ್ತುಗಳನ್ನು ಸ್ಪಷ್ಟವಾಗಿ ಮುಂದಿಟ್ಟರು. ದಿನಕ್ಕೆ ಒಂದೂವರೆ ಗಂಟೆಗಿಂತ ಹೆಚ್ಚು ಪಾಠ ಹೇಳುವುದಿಲ್ಲ. ಪಾಠವು ತಮ್ಮ ಮನೆಯಲ್ಲಿಯೇ ನಡೆಯಬೇಕು. ವರ್ಷಕ್ಕೆ ನಾಲ್ಕು ತಿಂಗಳ ರಜೆ, ಅದಲ್ಲದೆ ಚಳಿಗಾಲದಲ್ಲಿ ಕಛೇರಿಗಳಿಗೆ ಹೋಗಲು ಬಿಡುವು. ನಮ್ಮ ಉಪಾಧ್ಯಾಯಿನಿಯರು ಇದನ್ನು ಓದಿ ನಿಟ್ಟುಸಿರು ಬಿಡುವರೆಂದು ಬಲ್ಲೆವು. ವಿದ್ಯಾಲಯವು ಒಪ್ಪಿಕೊಂಡಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅವರು ಮೊದಲು ವೇದಿಕೆಗೆ ಬಂದ ಐವತ್ತನೆಯ ವರ್ಷದ ಉತ್ಸವವನ್ನು ಲೈಪ್‌ಜಿಗಿನ ಅದೇ ಸಭೆಯಲ್ಲಿ ನಡೆಸಿದರು. ಅಂದಿನ ಸಂಗೀತವೆಲ್ಲವೂ ರಾಬರ್ಟ್ ಶೂಮನ್ನನದೇ.

ಒಂದೂವರೆ ಗಂಟೆಯಲ್ಲಿ ಎಷ್ಟು ಮಂದಿಗೆ ಕಲಿಸಲು ಸಾಧ್ಯ? ಇಲ್ಲಿಯೇ ನಮ್ಮ ಮಾರೀ ಬರುತ್ತಾಳೆ. ಹಿರಿಯ ಮಗಳು ಮಾರೀಯೂ ತಂಗಿ ಯುಜೇನಿಯೂ ತಾಯಿಯ ಸಹಾಯಕ ಉಪಾಧ್ಯಾಯಿನಿಯರಾದರು. ಹೊಸದಾಗಿ ಬಂದ ಹುಡುಗಿಯರಲ್ಲಿ ಅನೇಕರು ಮೊದಲು ಈ ಅಕ್ಕತಂಗಿಯರ ಕೈಕೆಳಗೆ ಬೆರಳುಗಳನ್ನು ತಿದ್ದಿಕೊಂಡು ಬರಬೇಕು. ಸಿದ್ಧರಾದವರು ಮಾತ್ರ ಅಮ್ಮನವರ ಕೊಠಡಿಯನ್ನು ಹೊಗುವರು. ಇಂಗ್ಲೆಂಡಿನಲ್ಲಿ ಚಪ್ಪಾಳೆಗಳನ್ನು ಗಿಟ್ಟಿಸಿ ಬಂದವಳೂ ಇಲ್ಲಿ ಪುನಃ ಸ್ವರಶ್ರೇಣಿಗಳಿಂದ ಆರಂಭಿಸಿ, ಚೆರ್ನಿಯ ಅಭ್ಯಾಸಗಳನ್ನು ಸಾಧಿಸಬೇಕಾಗಿತ್ತು. ಆ ಅಭ್ಯಾಸಗಳಲ್ಲಿ ಆಯ್ದವನ್ನು ಅಮ್ಮನವರು 1880ರಲ್ಲಿ ತಾವೇ ತಿದ್ದಿ ಅಚ್ಚು ಹಾಕಿಸಿದ್ದರು. ಅಕ್ಕತಂಗಿಯರಿಬ್ಬರೂ ಮದುವೆಯಾಗಲಿಲ್ಲ. ಮಾರೀ ಪಾಠದೊಡನೆ ಮನೆವಾರ್ತೆಯನ್ನೂ ತಾಯಿಯ ಕಾಗದಪತ್ರಗಳನ್ನೂ ನೋಡಿಕೊಂಡಳು. ಅಮ್ಮನವರ ಶಿಷ್ಯೆಯೆಂದು ಹೆಸರಾದವರ ಕೈಗಳನ್ನು ಮೊದಲು ಹದಗೊಳಿಸಿದವರು ಅವರ ಮಕ್ಕಳೆಂಬುದನ್ನು ಕಛೇರಿಯ ಕರಪತ್ರಗಳಲ್ಲಿ ಯಾರೂ ಅಚ್ಚು ಹಾಕಿಸಲಿಲ್ಲ. ಒಂದನೆಯ ತರಗತಿಯ ಉಪಾಧ್ಯಾಯಿನಿಯ ಹೆಸರು ಎಸ್‌.ಎಸ್‌.ಎಲ್‌.ಸಿ. ಫಲಿತಾಂಶದ ಹಲಗೆಯ ಮೇಲೆ ಎಂದಾದರೂ ಬಂದದ್ದುಂಟೆ?

ಅಮ್ಮನವರ ಕೊಠಡಿಯಲ್ಲಿ ಪಾಠವು ಹೀಗೆ ನಡೆಯುತ್ತಿತ್ತು. ಇಬ್ಬರು ಮೂವರು ಒಟ್ಟಿಗೆ ಬರುವರು. ಒಬ್ಬಳು ನುಡಿಸುವಾಗ ಉಳಿದವರು ಕುಳಿತು ಕೇಳುವರು. ಒಬ್ಬೊಬ್ಬರನ್ನೇ ಕರೆದು ಪಾಠ ಹೇಳಿದರೆ ಹೆಚ್ಚು ಲಾಭವೆಂದು ತಂದೆತಾಯಂದಿರು ಎಣಿಸುವುದು ಸಹಜ. ಆದರೆ ಇನ್ನೊಬ್ಬಳ ತಪ್ಪನ್ನು ಕಿವಿಯಿಂದ ಹಿಡಿಯಲು ಕಲಿತವಳು ಅಂದೇ ಅರ್ಧ ಉಪಾಧ್ಯಾಯಿನಿಯಾದಳು. ತರಬೇತಿ ಶಾಲೆಯಲ್ಲಿ ನಾವು ಒಬ್ಬರ ಪಾಠಕ್ಕೆ ಮತ್ತೊಬ್ಬರು ಹಿಂದಿನ ಬೆಂಚಿನಲ್ಲಿ ಕುಳಿತು ಗುಣದೋಷಗಳನ್ನು ಬರೆದದ್ದು ಇದಕ್ಕಾಗಿಯೇ ಅಲ್ಲವೆ?

ಕೀಗಳನ್ನು ಹೊಡೆಯಬಾರದು ಎಂಬುದು ಅಲ್ಲಿಯ ಮೊದಲನೆಯ ನಿಯಮ. ಬೆರಳುಗಳು ಕೀಗಳಿಗೆ ಅಂಟಿದಂತೆ ಹತ್ತಿರವಿರಬೇಕು, ಮಣಿಕಟ್ಟು ಬಿಗಿಯಬಾರದು, ಭುಜದಿಂದ ಇಳಿದ ಭಾರವು ಬೆರಳ ತುದಿಯಲ್ಲಿ ಒತ್ತಾಗಿ ಮಾರ್ಪಡಬೇಕು. ಹೀಗೆ ನುಡಿಸಿದರೆ ಗಟ್ಟಿಯಾದ ಸ್ವರವೂ ಕಿವಿಗೆ ಒರಟಾಗಿ ಬಡಿಯದೆ ತುಂಬಿ ಬರುವುದು. ಪಿಯಾನೋವಿನೊಳಗೆ ಸುತ್ತಿಗೆಯು ತಂತಿಯನ್ನು ಹೊಡೆದೇ ನಾದವು ಹುಟ್ಟುವುದಾದರೂ, ಕೇಳುವವರಿಗೆ ಹೊಡೆತವು ಕೇಳಿಸದೆ ಹಾಡು ಕೇಳಿಸಬೇಕೆಂಬುದು ಅವರ ಸಾಧನೆಯ ಗುಟ್ಟು. ಎರಡನೆಯದು, ಓಡಬಾರದು. ವೇಗವಾದ ಸ್ವರಗಳ ಗುಂಪನ್ನು ದಾಟಿಬಿಡಬೇಕಾದ ಸೇತುವೆಯಂತೆ ನುಡಿಸಿದರೆ ಅವರಿಗೆ ಸಹನೆಯಾಗುತ್ತಿರಲಿಲ್ಲ. ಅದರೊಳಗಣ ಒಂದೊಂದು ಸ್ವರಕ್ಕೂ ಅರ್ಥವಿದೆಯೆಂದು ನಿಲ್ಲಿಸಿ ಪುನಃ ನುಡಿಸುವರು. ಮೂರನೆಯದು, ಬರೆದವನು ಬರೆದುದನ್ನೇ ನುಡಿಸಬೇಕು. ಸಭೆಯನ್ನು ಬೆರಗುಗೊಳಿಸಲು ಸ್ವಂತ ಅಲಂಕಾರಗಳನ್ನು ಸೇರಿಸುವುದು ಅಂದಿನ ವಾದಕರಲ್ಲಿ ವಾಡಿಕೆಯಾಗಿತ್ತು. ಚಿಕ್ಕಂದಿನಲ್ಲಿ ಅಂತಹ ಚಮತ್ಕಾರದ ತುಣುಕುಗಳನ್ನು ತಾವೂ ನುಡಿಸಿದ್ದ ಅಮ್ಮನವರು ಬರಬರುತ್ತ ಅದನ್ನು ತೊರೆದು, ಬಾಖ್, ಬೇಥೋವನ್, ಶೋಪೆನ್, ಬ್ರಾಮ್ಸ್ ಮೊದಲಾದವರನ್ನು ಅವರು ಬರೆದಂತೆಯೇ ಮುಂದಿಟ್ಟರು. ಲಿಸ್ಟನ ಸಂಗೀತವನ್ನು ಮಾತ್ರ ತಮ್ಮ ಮನೆಯ ಹೊಸ್ತಿಲೊಳಗೆ ಬಿಡಲಿಲ್ಲ. ಇದು ಅವರ ಸಂಕೋಚದೃಷ್ಟಿಯೆಂದು ನಮಗೆ ತೋರುತ್ತದೆ. ಲೋಕವು ಲಿಸ್ಟನನ್ನು ಬಿಡಲಿಲ್ಲ.

ಶಿಷ್ಯೆಯರು ಕಛೇರಿಗಳಿಗೆ ಹೋಗಬೇಕು, ಹಾಡುಗಾರರನ್ನು ಕೇಳಬೇಕು, ಒಳ್ಳೆಯ ಪುಸ್ತಕಗಳನ್ನು ಓದಬೇಕು, ದಿನವೂ ಗಾಳಿಯಲ್ಲಿ ನಡೆದಾಡಬೇಕು. ಇದು ಯಾರ ಮಾತೆಂದು ಓದುಗರು ಗುರುತಿಸಿರಬಹುದು. ವೀಕನು ತನ್ನ ಮಗಳಿಗೆ ಹೇಳಿದುದೇ ಐವತ್ತು ವರ್ಷಗಳ ಮೇಲೆ ಫ್ರಾಂಕ್‌ಫರ್ಟಿನಲ್ಲಿ ಪುನಃ ಕೇಳಿಬಂದಿತು. ತಮ್ಮ ವಿದ್ಯೆಗೆ ತಂದೆಯೇ ಕಾರಣನೆಂದು ಅಮ್ಮನವರು ಕಡೆಯವರೆಗೂ ಕೃತಜ್ಞತೆಯಿಂದ ನೆನೆಯುತ್ತಿದ್ದರು. ತಂದೆಯನ್ನು ಕ್ರೂರಿಯೆಂದು ಲೋಕವು ಹೇಳುವುದನ್ನು ಅವರು ಒಪ್ಪುತ್ತಿರಲಿಲ್ಲ. ಆದಾಗ್ಯೂ ಅವನಿಂದ ಬಂದ ಎಲ್ಲವನ್ನೂ ಅವರು ಮುಂದಕ್ಕೆ ದಾಟಿಸಲಿಲ್ಲ. ಅವರೂ ಶಿಸ್ತಿನವರೇ, ಸಿದ್ಧತೆಯಿಲ್ಲದೆ ಬಂದವಳು ಕಣ್ಣೀರಿಡುತ್ತ ಹೊರಗೆ ಹೋಗುವುದೂ ಉಂಟಾಗಿತ್ತು. ಆದರೆ ಶಿಷ್ಯೆಯ ಸಂಪಾದನೆಯು ಅವರ ಪೆಟ್ಟಿಗೆಗೆ ಬರುತ್ತಿರಲಿಲ್ಲ, ಶಿಷ್ಯೆಯ ದಿನಚರಿಯನ್ನು ಅವರು ಬರೆಯುತ್ತಿರಲಿಲ್ಲ. ಕಲಿತವಳು ಕಲಿತಾದ ಮೇಲೆ ಹೊರಟುಹೋಗಿ ತನ್ನ ಹೆಸರಿನಲ್ಲಿ ಬಾಳತಕ್ಕವಳೆಂದು ಅವರು ತಿಳಿದಿದ್ದರು. ಹಳೆಯ ಸ್ನೇಹಿತ ಬ್ರಾಮ್ಸನು ಮನೆಗೆ ಬಂದಾಗ ಅವನು ನುಡಿಸುವುದನ್ನು ಈ ಹುಡುಗಿಯರೂ ಕೇಳುವ ಅವಕಾಶವಿರುತ್ತಿತ್ತು.

ಈ ವರ್ಷಗಳು ಸುಖದವೆಂದು ಯಾರೂ ತಿಳಿಯಬಾರದು. ಮಗಳು ಯೂಲಿಯು 1872ರಲ್ಲಿಯೇ ತೀರಿಹೋಗಿದ್ದಳು. ಫ್ರಾಂಕ್‌ಫರ್ಟಿಗೆ ಬಂದ ಮರುವರ್ಷ, 1879ರಲ್ಲಿ, ಕವಿತೆಗಳನ್ನು ಬರೆಯುತ್ತಿದ್ದ ಫೆಲಿಕ್ಸನು ಕ್ಷಯರೋಗದಿಂದ ಆ ಮನೆಯಲ್ಲಿಯೇ ಸತ್ತನು. ಲುಡ್ವಿಗನು ಬುದ್ಧಿಭ್ರಮಣೆಯಿಂದ ಆಸ್ಪತ್ರೆಯಲ್ಲಿದ್ದನು. ಫರ್ಡಿನಾಂಡನು 1870ರ ಯುದ್ಧದಿಂದ ಬೇನೆಯನ್ನು ಹೊತ್ತುತಂದು, ನೋವಿಗೆ ಕೊಟ್ಟ ಮಾರ್ಫಿನ್ ಮದ್ದಿಗೇ ದಾಸನಾಗಿ, 1891ರಲ್ಲಿ ಸತ್ತನು. ಅವನ ಮಕ್ಕಳ ಭಾರವೂ ಎಪ್ಪತ್ತು ದಾಟಿದ ಅಜ್ಜಿಯ ಮೇಲೆ ಬಿದ್ದಿತು. ಇಂತಹ ಮನೆಯಲ್ಲಿ ಬೆಳಗಾದರೆ ಪಿಯಾನೋವಿನ ಮುಚ್ಚಳವನ್ನು ತೆರೆದು, ಬೇರೆಯವರ ಮಗಳ ನಾಲ್ಕನೆಯ ಬೆರಳು ಏಕೆ ಬಲವಾಗಿಲ್ಲವೆಂದು ನೋಡುವುದಕ್ಕೆ ಎಂತಹ ಮನಸ್ಸು ಬೇಕು ಎಂಬುದನ್ನು, ದುಃಖವಿರುವ ಮನೆಯಿಂದ ಹಾಜರಿ ಪುಸ್ತಕ ಹಿಡಿದು ತರಗತಿಗೆ ಬಂದವರು ಬಲ್ಲರು.

ಅವರು ಕಲಿಸಿದವರು ಏನಾದರು? ಫ್ಯಾನಿ ಡೇವಿಸ್ ಎಂಬವಳು 1883ರಿಂದ 1885ರವರೆಗೆ ಅವರಲ್ಲಿ ಕಲಿತು ಇಂಗ್ಲೆಂಡಿನಲ್ಲಿ ಹೆಸರಾದ ವಾದಕಿಯಾದಳು. ಅಡಲೀನಾ ದ ಲಾರಾ, ಇಲೋನಾ ಐಬೆನ್‌ಶುಟ್ಸ್, ಲೆನಾರ್ಡ್ ಬಾರ್ವಿಕ್ ಇವರೂ ಹಾಗೆಯೇ. ಮಟಿಲ್ಡಾ ವರ್ನ್ ಎಂಬಾಕೆಯು 1909ರಲ್ಲಿ ಲಂಡನ್ನಿನಲ್ಲಿ ತನ್ನದೇ ಆದ ಪಿಯಾನೋ ಶಾಲೆಯನ್ನು ತೆರೆದಳು. ಮುಂದೆ ಆರನೆಯ ಜಾರ್ಜ್ ದೊರೆಯ ರಾಣಿಯಾದ ಎಲಿಜಬೆತ್ ಚಿಕ್ಕಂದಿನಲ್ಲಿ ಕಲಿತದ್ದು ಆಕೆಯ ಬಳಿಯಲ್ಲಿ; ಸಾಲೊಮನ್ ಎಂಬ ಹೆಸರಿನಿಂದ ಪ್ರಸಿದ್ಧನಾದ ಬಡ ದರ್ಜಿಯ ಮಗನನ್ನು ಎಂಟು ವರ್ಷಕ್ಕೆ ವೇದಿಕೆಗೆ ತಂದವಳೂ ಆಕೆಯೇ. ಆ ಬಾಲಕನು ಆಕೆಯ ಬಿಗಿಯಾದ ಕಟ್ಟಳೆಯಲ್ಲಿ ದಣಿದು, ಹರೆಯದಲ್ಲಿ ಕೆಲವು ವರ್ಷ ಕಛೇರಿಗಳನ್ನೇ ಬಿಟ್ಟುಬಿಟ್ಟನೆಂಬುದನ್ನೂ ಹೇಳದೆ ಇರಲಾರೆವು. ವೀಕನ ಬೆತ್ತವು ಒಂದು ತಲೆಮಾರನ್ನು ಹಾರಿ ಇನ್ನೊಂದರಲ್ಲಿ ಕಾಣಿಸಿಕೊಂಡಿತು. ವಿದ್ಯೆಯು ಹರಿಯುವ ಕಾಲುವೆಯಲ್ಲಿ ಕೆಸರೂ ಹರಿಯುತ್ತದೆ. ಕಾರ್ಲ್ ಫ್ರೀಡ್‌ಬರ್ಗ್ ಎಂಬ ಶಿಷ್ಯನು ಅಮೆರಿಕೆಗೆ ಹೋಗಿ ನ್ಯೂಯಾರ್ಕಿನ ಜೂಲಿಯರ್ಡ್ ವಿದ್ಯಾಲಯದಲ್ಲಿ ಬಹುಕಾಲ ಕಲಿಸಿದನು. 1950ರಲ್ಲಿ ಅಲ್ಲಿ ಅವನ ಮುಂದೆ ಕುಳಿತು ಕಲಿತ ಕರಿಯ ಹುಡುಗಿಯೊಬ್ಬಳು ಮುಂದೆ ನೀನಾ ಸಿಮೋನ್ ಎಂದು ಲೋಕಪ್ರಸಿದ್ಧಳಾದಳು. ಹಾಡುಗಾರ್ತಿಯಾಗುವ ಮೊದಲು ಅವಳೂ ಹೊಟ್ಟೆಪಾಡಿಗಾಗಿ ಮಕ್ಕಳಿಗೆ ಪಿಯಾನೋ ಪಾಠ ಹೇಳಿದಳು. ಯುಜೇನಿಯೂ ತಾಯಿಯ ಮನೆಯಿಂದ ಇಂಗ್ಲೆಂಡಿಗೆ ಹೋಗಿ ಸ್ವತಂತ್ರವಾಗಿ ಪಾಠ ಹೇಳಿ ಬದುಕಿದಳು.

ಅಮ್ಮನವರು 1891ರ ಮಾರ್ಚಿಯಲ್ಲಿ ಫ್ರಾಂಕ್‌ಫರ್ಟಿನಲ್ಲಿ ಕಡೆಯ ಸಲ ಸಭೆಯ ಮುಂದೆ ನುಡಿಸಿದರು. ಕಿವಿಯು ಕೆಡುತ್ತ ಬಂದಿತ್ತು. ಮರುವರ್ಷ ವಿದ್ಯಾಲಯದ ಕೆಲಸವನ್ನು ಬಿಟ್ಟರು. 1896ನೆಯ ಇಸವಿ ಮೇ 20ನೆಯ ತಾರೀಖು ಪಾರ್ಶ್ವವಾಯುವಿನಿಂದ ತೀರಿಕೊಂಡರು. ಬಾನ್ ಪಟ್ಟಣದ ಹಳೆಯ ಸ್ಮಶಾನದಲ್ಲಿ ಗಂಡನ ಮಗ್ಗುಲಲ್ಲಿಯೇ ಅವರನ್ನು ಹೂಳಿದರು. ಮಾರೀ 1929ರವರೆಗೂ, ಯುಜೇನಿ 1938ರವರೆಗೂ ಬದುಕಿದ್ದರು. 1990ರಿಂದ, ಯೂರೋ ನೋಟುಗಳು 2002ರಲ್ಲಿ ಬರುವವರೆಗೂ, ಜರ್ಮನಿಯ ನೂರು ಮಾರ್ಕಿನ ನೋಟಿನ ಮೇಲೆ ಅಮ್ಮನವರ ಮುಖವಿತ್ತು. ನೋಟಿನ ಹಿಂಬದಿಯಲ್ಲಿ ಒಂದು ದೊಡ್ಡ ಪಿಯಾನೋವೂ ಅವರು ಸೇವೆ ಸಲ್ಲಿಸಿದ ವಿದ್ಯಾಲಯದ ಕಟ್ಟಡವೂ ಇದ್ದವು.

ಅವರು ನುಡಿಸಿದ್ದನ್ನು ಇಂದು ಯಾರೂ ಕೇಳುವಂತಿಲ್ಲ. ಅದು ಯಾವ ಯಂತ್ರದಲ್ಲಿಯೂ ಉಳಿಯಲಿಲ್ಲ. ಫ್ಯಾನಿ ಡೇವಿಸಳು ಮುದುಕಿಯಾದ ಮೇಲೆ, 1928ರಲ್ಲಿ ರಾಬರ್ಟ್ ಶೂಮನ್ನನ ಕಂಚೆರ್ಟೋವನ್ನೂ ಮರುವರ್ಷ ಅವನ ಬಾಲ್ಯದ ದೃಶ್ಯಗಳನ್ನೂ ನುಡಿಸಿದ ಗ್ರಾಮಫೋನ್ ತಟ್ಟೆಗಳು ಮಾತ್ರ ಇವೆ. ಅಡಲೀನಾ ದ ಲಾರಾ 1951ರಲ್ಲಿ ಅದೇ ಕಂಚೆರ್ಟೋವನ್ನು ನುಡಿಸಿದ ತಟ್ಟೆಯೂ ಉಂಟು. ಕಳೆದ ತಿಂಗಳು ಪಿಯಾನೋ ಕಲಿಯುವ ಹುಡುಗಿಯರನ್ನು ಕೂಡಿಸಿ ಅವುಗಳ ಪ್ರತಿಯನ್ನು ಕೇಳಿಸಿದೆವು. ಹಳೆಯ ಕಾಲದ ಗರಗರ ಸದ್ದಿನ ನಡುವೆ, ಅವಸರವಿಲ್ಲದೆ, ಒತ್ತಿದ ಸ್ವರವು ಮುಂದಿನ ಸ್ವರದವರೆಗೂ ನಿಂತು ಹಾಡುವುದನ್ನು ಮಕ್ಕಳು ಗುರುತಿಸಿದರು. ಕೇಳಬಯಸುವ ಹಳೆಯ ವಿದ್ಯಾರ್ಥಿನಿಯರು ಶನಿವಾರಗಳಂದು ಮಧ್ಯಾಹ್ನ ಮೂರು ಗಂಟೆಗೆ ಸಂಗೀತದ ಕೊಠಡಿಗೆ ಬರಬಹುದು. ಕಾಗದ ಬರೆದ ಆ ಒಬ್ಬಳು ಊರಿಗೆ ಬಂದಾಗ ಯಾವ ವಾರ ಬಂದರೂ ಸರಿ. ಪಿಯಾನೋವಿಗೆ ಈ ಸಲ ಮಳೆಗಾಲಕ್ಕೆ ಮೊದಲೇ ಶ್ರುತಿ ಮಾಡಿಸಿದ್ದೇವೆ.